ಗೋಲಿ ಆಡುವ ಹುಡುಗನೂ ನಮ್ಮ ಕರಿಬೇವಿನ ಗಿಡವೂ

ಇವತ್ತು ಬೆಳಗಿನ ಜಾವ ಐದೂವರೆಗೆ ಎದ್ದು, ಮೊಬೈಲ್ ಟಾರ್ಚ್ ಹಿಡಿದುಕೊಂಡು, ಕಿಟಕಿ ಪಕ್ಕದ ಕುಂಡದಲ್ಲಿರುವ ಕರಿಬೇವಿನ ಗಿಡದಲ್ಲಿ ಎಷ್ಟು ಎಲೆ ಉಳಿದಿದೆ ಅಂತ ಎಣಿಸಿದೆ. ಆರು. ಕಣ್ಣುಜ್ಜಿಕೊಂಡು ಇನ್ನೊಂದು ಸಲ ಎಣಿಸಿದೆ. ಆರೇ. ನನಗೆ ಬೇಕಾಗಿದ್ದದ್ದು ಏಳು.

ಏಳೇ ಯಾಕೆ ಅಂದರೆ ಹಾಕಿಯಿಂದ ಶುರು ಮಾಡಬೇಕಾಗುತ್ತದೆ. ನಾವಿರುವುದು ಕೆನಡಾದ ಸಸ್ಕ್ಯಾಚೆವನ್ ಪ್ರಾಂತ್ಯದಲ್ಲಿ, ಸಸ್ಕಟೂನ್‌ನಿಂದ ಎರಡು ಗಂಟೆ ದಾರಿಯ ಒಂದು ಪುಟ್ಟ ಊರಲ್ಲಿ. ಊರಿಗೆ ಮೂರು ಚರ್ಚು, ಒಂದು ಐಸ್ ರಿಂಕು, ಅಂದರೆ ಐಸ್ ಹಾಕಿಯ ಅಂಗಳ. ಭಕ್ತರು ಹೆಚ್ಚು ಸೇರುವುದು ರಿಂಕಿನಲ್ಲಿ. ಅಲ್ಲಿ ಆಡುವುದು ಜೂನಿಯರ್ ಎ ದರ್ಜೆಯ ತಂಡ, ಅಂದರೆ ಹದಿನಾರರಿಂದ ಇಪ್ಪತ್ತು ವರ್ಷದ ಹುಡುಗರು. ಹೆಚ್ಚಿನವರು ಬೇರೆ ಊರಿನವರು. ಇವರಿಗೆ ಹಾಸ್ಟೆಲ್ಲು ಇಲ್ಲ. ಊರಿನವರೇ ಒಬ್ಬೊಬ್ಬರನ್ನು ಮನೆಯಲ್ಲಿಟ್ಟುಕೊಂಡು ಸಾಕುತ್ತಾರೆ. ಇದಕ್ಕೆ ಬಿಲೆಟ್ ಅನ್ನುತ್ತಾರೆ. ನಮ್ಮ ಕಡೆ ಹಿಂದೆ ಓದುವ ಹುಡುಗರಿಗೆ ವಾರಾನ್ನ ಹಾಕುತ್ತಿದ್ದರಲ್ಲ, ಹಾಗೆ. ಆದರೆ ಇದು ವಾರದ ಏಳೂ ದಿನದ ವಾರಾನ್ನ, ದಿನಕ್ಕೆ ಐದು ಹೊತ್ತು.

ಒಪ್ಪಿಕೊಂಡು ಬಂದವಳು ನನ್ನ ಹೆಂಡತಿ. ವೃದ್ಧಾಶ್ರಮದಲ್ಲಿ ನರ್ಸು. ಜೊತೆಗೆ ಕೆಲಸ ಮಾಡುವವರು ಯಾರೋ ಕೇಳಿದರಂತೆ. "ಒಂದು ರೂಮು, ಊಟ, ಅಷ್ಟೇ ರೀ" ಅಂದಳು. ಆ "ಅಷ್ಟೇ" ಎಂಬುದು ಆಗಸ್ಟ್ ಕೊನೆಗೆ ಆರಡಿ ಮೂರಂಗುಲ ಎತ್ತರವಾಗಿ ಬಾಗಿಲಲ್ಲಿ ಬಂದು ನಿಂತಿತು. ವಯಸ್ಸು ಇಪ್ಪತ್ತು, ಮ್ಯಾನಿಟೋಬಾದ ಗೋಧಿ ಬೆಳೆಗಾರರ ಮನೆಯ ಹುಡುಗ, ತಂಡದ ಗೋಲಿ.

ಅಮ್ಮನಿಗೆ ಅರಸೀಕೆರೆಗೆ ಫೋನ್ ಮಾಡಿ ವಿಷಯ ಹೇಳಿದೆ.

"ಏನ್ ಮಾಡ್ತಾನೋ ಹುಡುಗ?"

"ಗೋಲಿ ಅಮ್ಮ."

"ಇಪ್ಪತ್ತು ವರ್ಷಕ್ಕೆ ಗೋಲಿ ಆಡ್ತಾನೇನೋ? ಅಪ್ಪ ಅಮ್ಮ ಏನೂ ಅನ್ನಲ್ವಾ?"

ಹಾಕಿಯಲ್ಲಿ ಗೋಲ್ ಕಾಯುವವನು ಅಂತ ಬಿಡಿಸಿ ಹೇಳಿದೆ. "ಹಾಕಿನಾ? ಅದು ಕೊಡಗಿನವರು ಆಡೋದಲ್ವಾ" ಅಂದರು. ಮಂಜುಗಡ್ಡೆ ಮೇಲೆ ಆಡುತ್ತಾರೆ ಅಂದಿದ್ದಕ್ಕೆ, "ನೆಲ ಇಲ್ವೇನೋ ಅಲ್ಲಿ?" ಅಂತ ಕೇಳಿ ಫೋನು ಇಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಅವನ ಹೆಸರೇ ಗೋಲಿ.

ಹುಡುಗ ಬಂಗಾರ, ಅದರಲ್ಲಿ ಎರಡು ಮಾತಿಲ್ಲ. ತಟ್ಟೆ ತಾನೇ ತೊಳೆಯುತ್ತಾನೆ, ಅಂಗಳದ ಹಿಮ ಎತ್ತುತ್ತಾನೆ. ಅವನ ಚೀಲದ ವಾಸನೆಯ ಬಗ್ಗೆ ಮಾತ್ರ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಗೋಲಿಯ ಕಾಲಿಗೆ ಕಟ್ಟುವ ಪ್ಯಾಡು ಅಂದರೆ ಒಂದೊಂದೂ ಒಂದು ಸಣ್ಣ ಹಾಸಿಗೆ. ಬೆವರು ಕುಡಿದ ಆ ಹಾಸಿಗೆಗಳು, ಎದೆಕವಚ, ಕೈಗವಸು ಎಲ್ಲ ನಮ್ಮ ನೆಲಮಾಳಿಗೆಯಲ್ಲಿ, ಮನೆ ಬೆಚ್ಚಗಿಡುವ ಫರ್ನೇಸಿನ ಪಕ್ಕ ಒಣಗುತ್ತವೆ. ಬಿಸಿಗಾಳಿ ಆ ಪರಿಮಳವನ್ನು ತಾರತಮ್ಯವಿಲ್ಲದೆ ಎಲ್ಲ ಕೋಣೆಗಳಿಗೂ ಹಂಚುತ್ತದೆ. ದೇವರ ಮುಂದೆ ಒಂದಕ್ಕೆ ಮೂರು ಊದುಬತ್ತಿ ಹಚ್ಚಿದರೂ ಆ ವಾಸನೆಯೇ ಗೆಲ್ಲುವುದು.

ಇರಲಿ. ಪ್ಲೇಆಫ್ ಶುರುವಾದದ್ದು ಮಾರ್ಚ್‌ನಲ್ಲಿ. ಮೊದಲ ಪಂದ್ಯಕ್ಕೆ ಗೋಲಿ ಎಂದಿನಂತೆ ಪಾಸ್ತಾ ತಿಂದು ಹೋದ, ಸೋತ. ಎರಡನೇ ಪಂದ್ಯದ ದಿನ ಹೆಂಡತಿಗೆ ಡಬಲ್ ಡ್ಯೂಟಿ. ನಾನು ಪಾಸ್ತಾ ಮರೆತು ನನ್ನ ಪಾಡಿಗೆ ಚಿತ್ರಾನ್ನ ಕಲಸಿಕೊಂಡಿದ್ದೆ. ಮಧ್ಯಾಹ್ನ ಒಂದೂವರೆಗೆ ಹುಡುಗ ಬಂದು ಬಾಣಲೆ ಇಣುಕಿ, "ಇದೂ ಆಗುತ್ತೆ" ಅಂದ. ತಿಂದ. ಒಗ್ಗರಣೆಯ ಕರಿಬೇವನ್ನು ಒಂದೊಂದಾಗಿ ಎತ್ತಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದ. ಏಳು ಎಲೆ. ಹೋಗಿ ಆ ರಾತ್ರಿ ಒಂದೂ ಗೋಲು ಬಿಡಲಿಲ್ಲ.

ಅಲ್ಲಿಗೆ ನನ್ನ ಹಣೆಬರಹ ಬರೆದಾಯಿತು. ಮುಂದಿನ ಪಂದ್ಯದ ಬೆಳಗ್ಗೆ ಬಹಳ ಸಂಕೋಚದಿಂದ ಕೇಳಿದ, "ಆ ಹಳದಿ ಅನ್ನ ಇನ್ನೊಂದು ಸಲ ಮಾಡ್ತೀರಾ? ಅದೇ ಬಾಣಲೆಯಲ್ಲಿ? ಒಂದೂವರೆಗೆ? ಎಲೆ ಏಳು ಇರಲಿ."

ನಾನಾಗ ಲೆಕ್ಕ ಹಾಕದೆ ತಲೆಯಾಡಿಸಿಬಿಟ್ಟೆ. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವ ಕೆಲಸ ನನ್ನದು, ಕಂತು ಎಷ್ಟು ಅಂತ ಕೇಳದೆ ಒಪ್ಪಿಕೊಂಡದ್ದು ಇದೇ ಮೊದಲು. ನಮ್ಮ ಲೀಗಿನ ಪ್ಲೇಆಫ್ ಅಂದರೆ ಮೂರು ಸುತ್ತು, ಸುತ್ತಿಗೆ ಏಳು ಪಂದ್ಯ, ನಾಲ್ಕು ಗೆದ್ದವರು ಮುಂದಕ್ಕೆ. ಎಳೆದಾಡಿದರೆ ಇಪ್ಪತ್ತೊಂದು ಪಂದ್ಯ. ಮುಗಿಯಿತಾ? ಇಲ್ಲ. ಲೀಗ್ ಗೆದ್ದವರು ಸೆಂಟೆನಿಯಲ್ ಕಪ್‌ಗೆ ಹೋಗುತ್ತಾರೆ. 1971ರಿಂದ ನಡೆದು ಬಂದಿರುವ ಜೂನಿಯರ್ ಎ ರಾಷ್ಟ್ರೀಯ ಚಾಂಪಿಯನ್‌ಶಿಪ್ ಅದು. ಒಂಬತ್ತು ಲೀಗುಗಳ ಒಂಬತ್ತು ವಿಜೇತರು, ಜೊತೆಗೆ ಆತಿಥ್ಯ ವಹಿಸುವ ಊರಿನ ತಂಡ, ಒಟ್ಟು ಹತ್ತು. ಐದೈದರ ಎರಡು ಗುಂಪು, ಗುಂಪಿನಲ್ಲೇ ನಾಲ್ಕು ಪಂದ್ಯ, ಆಮೇಲೆ ಕ್ವಾರ್ಟರ್, ಸೆಮಿ, ಫೈನಲ್. ಅಂದರೆ ಇನ್ನೂ ಏಳರವರೆಗೆ. ನಮ್ಮ ಕೇರಿಯ ಗಣೇಶನಿಗೂ ಇಷ್ಟು ನೈವೇದ್ಯ ನಡೆಯುತ್ತಿರಲಿಲ್ಲ.

ಹೊರಗಿನ ಊರಲ್ಲಿ ಪಂದ್ಯವಿದ್ದರೆ ಡಬ್ಬಿ ಕಟ್ಟಬೇಕು. ಬಸ್ಸಿನಲ್ಲಿ ಎಲ್ಲರೂ ಸ್ಯಾಂಡ್‌ವಿಚ್ ಬಿಚ್ಚಿದಾಗ ಇವನು ಸ್ಟೀಲ್ ಡಬ್ಬಿ ಬಿಚ್ಚುತ್ತಾನಂತೆ. ನಿಂಬೆಹುಳಿ, ಇಂಗಿನ ವಾಸನೆಗೆ ಯಾರೂ ಚಕಾರ ಎತ್ತುವಂತಿಲ್ಲ. ಗೆಲ್ಲಿಸುವ ಇಂಗು.

ಮೂಢನಂಬಿಕೆ ಅಂತ ನಾನು ಗೊಣಗಿದರೆ ಹೆಂಡತಿ ನನ್ನ ಬಾಯಿ ಮುಚ್ಚಿಸಿದಳು. "ರಾಹುಕಾಲ ನೋಡ್ಕೊಂಡು ಕಾರ್ ತಗೊಂಡೋರು ನೀವು." ಹುಡುಗನೂ ದಾಖಲೆ ಸಮೇತ ವಾದಿಸಿದ: ಪ್ಯಾಟ್ರಿಕ್ ರುವಾ ಎಂಬ ಮಹಾ ಗೋಲಿ ತನ್ನ ಗೋಲುಕಂಬಗಳ ಜೊತೆ ಮಾತಾಡುತ್ತಿದ್ದನಂತೆ, ಐಸ್ ಮೇಲಿನ ಗೆರೆಗಳನ್ನು ತುಳಿಯದೆ ದಾಟುತ್ತಿದ್ದನಂತೆ. ನಮ್ಮ ಲೀಗಿನಲ್ಲೇ ಆಡುವ ಫ್ಲಿನ್ ಫ್ಲಾನ್ ಊರಿನವರು ಪ್ಲೇಆಫ್ ಗೆದ್ದರೆ ಸಂಭ್ರಮಕ್ಕೆ ಮೂಸ್ ಎಂಬ ಕಡವೆಯಂಥ ಪ್ರಾಣಿಯ ಕಾಲನ್ನೇ ರಿಂಕಿಗೆ ಎಸೆಯುತ್ತಾರೆ. ಗೊರಸು ಸಮೇತ. ಇದನ್ನು ನಾನು ಅಮ್ಮನಿಗೆ ಹೇಳಿಲ್ಲ.

ಸೋತ ಪಂದ್ಯಗಳಲ್ಲೂ ಚಿತ್ರಾನ್ನ ತಿಂದೇ ಹೋಗಿದ್ದೆಯಲ್ಲಪ್ಪಾ ಅಂದರೆ ಅವನ ಹತ್ತಿರ ಉತ್ತರ ಇರುತ್ತದೆ. ಒಂದು ದಿನ ಕಡಲೆಬೀಜ ಹೆಚ್ಚು ಹುರಿದಿತ್ತು. ಇನ್ನೊಂದು ದಿನ ಚಮಚ ಬೇರೆ. ಮತ್ತೊಂದು ದಿನ ನಾನು ಒಗ್ಗರಣೆ ಹಾಕುವಾಗ ಶಿಳ್ಳೆ ಹೊಡೆದೆ. ಫಲ ಬಂದರೆ ಗ್ರಹದ ಮಹಿಮೆ, ಬರದಿದ್ದರೆ ಹುಟ್ಟಿದ ಗಳಿಗೆ ಬರೆದಿಟ್ಟವರ ತಪ್ಪು. ನಮ್ಮೂರ ಜೋಯಿಸರ ಶಾಸ್ತ್ರವನ್ನು ಈ ಹುಡುಗ ಯಾರೂ ಹೇಳಿಕೊಡದೆ ಕಲಿತಿದ್ದ.

ಉಮೇದಿನಲ್ಲಿ ನಾನೂ ಒಂದು ದಿನ "ಈ ಸಲ ಕಪ್ ನಮ್ದೇ" ಅಂತ ಹೇಳಿಕೊಟ್ಟೆ. ಡ್ರೆಸ್ಸಿಂಗ್ ರೂಮಿನಲ್ಲಿ ಇಪ್ಪತ್ತು ಹುಡುಗರು ಕಿರುಚಿದರಂತೆ. ರಾತ್ರಿ ಬಂದು ಕೇಳಿದ, "ಇದು ನಿಮ್ಮೂರಲ್ಲಿ ಕೆಲಸ ಮಾಡ್ತಾ?" ಮಾಡಿತು, 2025ರಲ್ಲಿ, ಹದಿನೆಂಟನೇ ಸಲಕ್ಕೆ ಅಂದೆ. ಮಾರನೇ ದಿನದಿಂದ ಆ ಘೋಷಣೆ ಬಂದ್.

ಕಷ್ಟ ಶುರುವಾದದ್ದು ಎಲೆಯದ್ದು. ಈ ಪ್ರಾಂತ್ಯ ಸಾಸಿವೆಯ ಕಣಜ, ಬೇಳೆಯ ಕಣಜ. ಒಗ್ಗರಣೆಗೆ ಬೇಕಾದ್ದೆಲ್ಲ ಹೊಲದಲ್ಲೇ ಬೆಳೆಯುತ್ತದೆ, ಕರಿಬೇವೊಂದು ಬಿಟ್ಟು. ಇಂಡಿಯನ್ ಅಂಗಡಿಗೆ ಸಸ್ಕಟೂನ್‌ಗೇ ಹೋಗಬೇಕು. ಹೆಂಡತಿ ನಾಲ್ಕು ವರ್ಷದಿಂದ ಮಗುವಿನಂತೆ ಬೆಳೆಸಿದ ಗಿಡವೇನೋ ಇತ್ತು. ಆದರೆ ಚಳಿಗಾಲದಲ್ಲಿ ಅದು ಚಿಗುರುವುದಿಲ್ಲ, ಸುಮ್ಮನೆ ಬದುಕಿರುತ್ತದೆ. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಅದು ತಲೆ ಬೋಳಿಸಲು ಕೂತವರ ಹಾಗೆ ಕಾಣತೊಡಗಿತು. ಅತ್ತ ಪ್ಲೇಆಫ್ ಮುಗಿಯುವವರೆಗೆ ಗಡ್ಡ ಬೋಳಿಸಬಾರದೆಂಬ ಹಾಕಿಯವರ ವ್ರತ ಬೇರೆ. ಗೋಲಿಯ ಗಲ್ಲದ ಮೇಲೆ ಎಣಿಸಿ ಹನ್ನೊಂದು ಕೂದಲು ಬಂದಿದ್ದವು. ಅವನ ಗಡ್ಡದಲ್ಲಿ ಒಂದು ಕೂದಲು ಮೂಡಿದರೆ ನಮ್ಮ ಗಿಡದಲ್ಲಿ ಏಳು ಎಲೆ ಹೋಗುತ್ತಿತ್ತು.

"ಗಿಡ ಸತ್ತೋಗತ್ತೆ ರೀ, ಇನ್ನು ಒಂದೆಲೆ ಮುಟ್ಟಿದ್ರೆ ನೋಡಿ" ಅಂದಳು. ಸರಿ, ಎರಡನೇ ಸುತ್ತಿನ ನಾಲ್ಕನೇ ಪಂದ್ಯದ ಹಿಂದಿನ ದಿನ ಹೋಗಿ ಬರುವ ನಾಲ್ಕು ಗಂಟೆ ದಾರಿ ಕ್ರಮಿಸಿ ಸಸ್ಕಟೂನ್‌ನಿಂದ ಎರಡು ಪ್ಯಾಕೆಟ್ ತಂದೆ. ದಾರಿಯಲ್ಲಿ ಕಾಫಿಗೆ ನಿಂತೆ. ಹೊರಗೆ ಮೈನಸ್ ಇಪ್ಪತ್ತೆರಡು. ಕಾಫಿಗೆ ಜೊತೆಯಾಗಿ ಪರಿಚಯದವರೊಬ್ಬರು ಸಿಕ್ಕಿದರು, ಮಾತು ಬೆಳೆಯಿತು. ಮನೆಗೆ ಬಂದು ನೋಡಿದರೆ ಎರಡು ಪ್ಯಾಕೆಟ್ ಕರಿಬೇವೂ ಟೀ ಸೊಪ್ಪಿನ ಹಾಗೆ ಕರ್ರಗೆ.

ಆ ದಿನ ಬೋಳು ಚಿತ್ರಾನ್ನವನ್ನೇ ಬಡಿಸಿದೆ. ಹುಡುಗ ತಟ್ಟೆಯನ್ನು ಒಮ್ಮೆ ಸುತ್ತ ತಿರುಗಿಸಿ ನೋಡಿದ. "ಪರವಾಗಿಲ್ಲ" ಅಂದ. ಆ "ಪರವಾಗಿಲ್ಲ" ನನಗೆ ಇನ್ನೂ ಕಿವಿಯಲ್ಲಿದೆ. ಮೂರು ಪಿರಿಯಡ್‌ನ ಆಟ, ಎರಡರಲ್ಲೇ ಆರು ಗೋಲು ಬಿಟ್ಟ. ಕೋಚ್ ಅವನನ್ನು ಎಬ್ಬಿಸಿ ಬೆಂಚಿಗೆ ಕಳಿಸಿದರು. ಮದುವೆ ಪಂಕ್ತಿಯಲ್ಲಿ ಎಲೆ ಮುಂದಿನಿಂದ ಎಬ್ಬಿಸಿದ ಹಾಗೆ.

ಮಾರನೇ ದಿನ ಬೆಳಗ್ಗೆ ಅಂಚೆ ಕಚೇರಿಗೆ ಹೋದರೆ ಕೌಂಟರಿನಾಕೆ ಸ್ಟಾಂಪು ಕೊಡುತ್ತಾ, "ಎಲೆ ಮುಗಿದು ಹೋಗಿತ್ತಂತೆ?" ಅಂದಳು. ಪೆಟ್ರೋಲ್ ಬಂಕಿನಲ್ಲಿ ಒಬ್ಬ ನನ್ನನ್ನು ನೋಡಿ ತಲೆ ಮಾತ್ರ ಅಲ್ಲಾಡಿಸಿದ. ಬ್ಯಾಂಕಿಗೆ ಟ್ರ್ಯಾಕ್ಟರ್ ಸಾಲಕ್ಕೆ ಬಂದ ರೈತ, ಬಡ್ಡಿಯ ಬಗ್ಗೆ ಒಂದು ಮಾತೂ ಕೇಳದೆ, "ಮುಂದಿನ ಪಂದ್ಯಕ್ಕೆ ಏನು ವ್ಯವಸ್ಥೆ?" ಅಂತ ವಿಚಾರಿಸಿದ. ಹೆಂಡತಿ ಮಾತ್ರೆ ಕೊಡಲು ಹೋದರೆ ತೊಂಬತ್ತು ದಾಟಿದ ಅಜ್ಜಿಯರು ಮಾತ್ರೆ ನುಂಗುವ ಮೊದಲು "ಎಲೆ ಸಿಕ್ತಾ?" ಅನ್ನುತ್ತಿದ್ದರಂತೆ. ಬಂದು ಎಂಟು ವರ್ಷ ದಾಟಿದರೂ ಈ ಊರಿನಲ್ಲಿ ನನ್ನ ಹೆಸರನ್ನು ಸರಿಯಾಗಿ ಹೇಳಿದವರಿಲ್ಲ. ಒಂದೇ ರಾತ್ರಿಯಲ್ಲಿ ಎಲ್ಲರಿಗೂ ನಾನು ಗೊತ್ತು, ಎಲೆ ಇಲ್ಲದವನು ಅಂತ.

ಸಂಜೆ ಬಾಗಿಲ ಮುಂದೆ ದಾನದ ರಾಶಿ. ನಾಲ್ಕು ಬಾಟಲಿ ಒಣಗಿದ ಪಲಾವ್ ಎಲೆ, ಎಲೆ ಅಂದರೆ ಅವರಿಗೆ ಅದೇ. ಒಂದು ಬುಟ್ಟಿ ನಿಂಬೆಹಣ್ಣು. ಯಾರೋ ಮಹಾನುಭಾವ ತನ್ನ ಹೊಲದ ಸಾಸಿವೆಯನ್ನು ಹಿಟ್ಟಿನ ಚೀಲದಲ್ಲಿ ತುಂಬಿ ತಂದಿಟ್ಟಿದ್ದ, ಹತ್ತು ಕಿಲೋಗೆ ಕಡಿಮೆಯಿಲ್ಲ. ಚಿಟಿಕೆ ಲೆಕ್ಕದಲ್ಲಿ ಬಳಸಿದರೆ ನನ್ನ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಹೆಂಡತಿ ಆ ರಾಶಿಯನ್ನು ನೋಡಿ, ಗಿಡವನ್ನು ನೋಡಿ, "ಕಿತ್ಕೊಳ್ಳಿ" ಅಂದಳು.

ಇಷ್ಟೆಲ್ಲ ಬೈದುಕೊಂಡರೂ ಡಬ್ಬಿ ಕಟ್ಟುವ ದಿನ ನನ್ನ ಕೈ ನಿಧಾನವಾಗುತ್ತದೆ. 2018ರ ಏಪ್ರಿಲ್ 6ರಂದು ಹಂಬೋಲ್ಟ್ ಬ್ರಾಂಕೋಸ್ ಎಂಬ ನಮ್ಮದೇ ಲೀಗಿನ ತಂಡ ನಿಪಾವಿನ್ ಊರಿಗೆ ಪ್ಲೇಆಫ್ ಆಡಲು ಹೊರಟಿತ್ತು. ಅಡ್ಡರಸ್ತೆಯಲ್ಲಿ ಲಾರಿ ಅಪಘಾತವಾಗಿ ಬಸ್ಸಿನಲ್ಲಿದ್ದ 16 ಜನ ಹೋದರು, 13 ಜನ ಗಾಯಗೊಂಡರು. ನಾವು ಈ ಊರಿಗೆ ಬಂದು ಆಗ ಎಂಟೇ ತಿಂಗಳು. ಎಲ್ಲರೂ ಮನೆಯ ಹೊರಗೆ ದೀಪ ಹಚ್ಚಿ ಒಂದೊಂದು ಹಾಕಿ ಸ್ಟಿಕ್ಕು ಒರಗಿಸಿ ಇಟ್ಟಿದ್ದರು. ನಮ್ಮ ಮನೆಯಲ್ಲಿ ಹಾಕಿ ಸ್ಟಿಕ್ ಎಲ್ಲಿಂದ ಬರಬೇಕು? ಊರಿಂದ ತಂದ ಕ್ರಿಕೆಟ್ ಬ್ಯಾಟಿತ್ತು. ನಾಚಿಕೊಂಡು ಅದನ್ನೇ ಇಟ್ಟೆ. ಬೆಳಗ್ಗೆ ಎದ್ದು ನೋಡಿದರೆ ಬ್ಯಾಟಿನ ಪಕ್ಕ ಒಂದು ಹಳೆಯ ಸ್ಟಿಕ್ಕನ್ನು ಯಾರೋ ಇಟ್ಟು ಹೋಗಿದ್ದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಈಗ ರಾತ್ರಿ ಎರಡಕ್ಕೋ ಮೂರಕ್ಕೋ ತಂಡದ ಬಸ್ಸು ಬಂದು, ನಮ್ಮ ಬಾಗಿಲು ತೆಗೆದು, ಆ ದರಿದ್ರ ವಾಸನೆಯ ಚೀಲ ಮೆಟ್ಟಿಲಿಳಿಯುವ ಸದ್ದು ಕೇಳಿದ ಮೇಲೇ ಹೆಂಡತಿ ಮಗ್ಗುಲು ಬದಲಿಸುವುದು. ನಾನೂ ಎಚ್ಚರವಾಗಿರುತ್ತೇನೆ, ಹೇಳುವುದಿಲ್ಲ ಅಷ್ಟೇ.

ಇವತ್ತು ಲೀಗ್ ಫೈನಲ್‌ನ ಏಳನೇ ಪಂದ್ಯ, ನಮ್ಮೂರಲ್ಲೇ. ಮೂರು ಮೂರು ಸಮ. ಇದುವರೆಗೆ ಹದಿನಾರು ಚಿತ್ರಾನ್ನ, 105 ಎಲೆ, ಅದರಲ್ಲಿ ಅವನು ತಿಂದದ್ದು ಒಂದೂ ಇಲ್ಲ. ನನ್ನ ನಿಜವಾದ ಸಿಟ್ಟು ಇದೇ. ಗೆದ್ದರೆ ರಾಷ್ಟ್ರೀಯ ಚಾಂಪಿಯನ್‌ಶಿಪ್. ನಮ್ಮ ಲೀಗಿನ ಮೆಲ್ಫರ್ಟ್ ಮಸ್ಟ್ಯಾಂಗ್ಸ್ 2024ರಲ್ಲಿ ಅದರ ಫೈನಲ್‌ಗೆ ಹೋಗಿ 1-0ಯಲ್ಲಿ ಕಾಲಿಂಗ್‌ವುಡ್ ಬ್ಲೂಸ್‌ಗೆ ಸೋತಿತು. ಮರುವರ್ಷ ಮತ್ತೆ ಫೈನಲ್, ಮತ್ತೆ ಸೋಲು, ಈ ಸಲ ಕ್ಯಾಲ್ಗರಿ ಕ್ಯಾನಕ್ಸ್‌ಗೆ. ಹಾಗಾಗಿ ಪ್ರಾಂತ್ಯಕ್ಕೇ ಹಸಿವು. ಸೋತರೆ ಹುಡುಗನ ಜೂನಿಯರ್ ಆಟ ಇವತ್ತಿಗೆ ಮುಗಿಯಿತು. ವಯಸ್ಸು ಮೀರುತ್ತದೆ, ಚೀಲ ಕಾರಿಗೆ ಹಾಕಿಕೊಂಡು ಮ್ಯಾನಿಟೋಬಾಗೆ ಹೊರಡುತ್ತಾನೆ. ನೆಲಮಾಳಿಗೆ ಘಮಘಮ ಅನ್ನುತ್ತದೆ. ಗಿಡ ಚಿಗುರುತ್ತದೆ. ಇದನ್ನು ಯೋಚಿಸುತ್ತಾ ನಾನು ಯಾವ ಕಡೆ ಅಂತ ನನಗೇ ತಿಳಿಯದೆ ಅಮ್ಮನಿಗೆ ಫೋನ್ ಮಾಡಿದೆ.

"ಕರಿಬೇವಾ? ಹಿತ್ತಲ ಮರ ಸೂರಿಗೆ ತಾಗ್ತಿತ್ತು ಕಣೋ, ನಿನ್ನೆ ತಾನೇ ಅರ್ಧ ಕಡಿಸಿ ಹಾಕ್ದೆ. ಕಸದ ಗಾಡಿಯವನು ಇಷ್ಟೊಂದು ತಗೊಳಲ್ಲ ಅಂತ ಜಗಳ ಮಾಡ್ದ."

ಫೋನು ಇಟ್ಟು ಕತ್ತರಿ ತಂದೆ.

ಒಂದೂವರೆಗೆ ಗೋಲಿ ಬಂದು ಕೂತ. ಅದೇ ತಟ್ಟೆ, ಅದೇ ಚಮಚ. ಗಡ್ಡ ಈಗ ಹತ್ತೊಂಬತ್ತು ಕೂದಲಿನದು. ಮಾತಿಲ್ಲದೆ ತಿನ್ನುತ್ತಾ ಎಲೆಗಳನ್ನು ಅಂಚಿಗೆ ಜೋಡಿಸಿದ. ಒಂದು, ಎರಡು, ಮೂರು, ನಾಲ್ಕು, ಐದು. ಆಮೇಲೆ ಎರಡು, ಸ್ವಲ್ಪ ಮೋಟು. ಒಂದಕ್ಕೆ ತುದಿ ಇತ್ತು, ಇನ್ನೊಂದಕ್ಕೆ ತೊಟ್ಟಿತ್ತು. ಅವನು ಆ ಎರಡನ್ನೂ ಎತ್ತಿ, ಅಂಚಿಗೆ ಅಂಚು ಕೂಡಿಸಿ, ಕಿಟಕಿಯ ಬೆಳಕಿಗೆ ಹಿಡಿದ.

ನಾನು ಒರೆಸಿದ ಒಲೆಯನ್ನೇ ಮತ್ತೆ ಒರೆಸತೊಡಗಿದೆ.