ಮೈಗೆಲ್ಲ ಬಣ್ಣ, ಬಾಯಿಗೆ ಮುಚ್ಚಳವಿಲ್ಲ

ಬೆಳಗ್ಗೆ ನಾಲ್ಕೂವರೆಗೆ ಹೋಟೆಲಿನ ಅಡುಗೆಮನೆ ತೆರೆದರೆ ಇಡ್ಲಿ ಹಿಟ್ಟಿನ ತುಂಬ ಕಂದು ನೀರು. ಚಿಮಣಿಯೊಳಗಿನ ಹಳೆಯ ಮಸಿ ಮಳೆಗೆ ಕರಗಿ, ಸೂರಿನಿಂದ ತೊಟ್ಟಿಕ್ಕಿ, ಪಾತ್ರೆಗೇ ಇಳಿದಿತ್ತು. 20 ಕಿಲೋ ಹಿಟ್ಟು ಚರಂಡಿಯ ಪಾಲಾಯಿತು.

ಮಾಟುಂಗಾದ ಈ ಇಟ್ಟಿಗೆ ಚಿಮಣಿ ಅಜ್ಜ ಸೌದೆ ಒಲೆ ಉರಿಸುತ್ತಿದ್ದ ಕಾಲದ್ದು. ಬೆಂಕಿಯಿದ್ದಾಗ ನೆನೆದ ಇಟ್ಟಿಗೆ ತಾನಾಗಿ ಒಣಗುತ್ತಿತ್ತು. ಗ್ಯಾಸ್ ಬಂದ ಮೇಲೆ ಆ ಬಿಸಿಯೂ ಇಲ್ಲ. ಮೂರು ಕಿಲೋ ತೂಗುವ ಒಳ್ಳೆಯ ಇಟ್ಟಿಗೆಯೇ ಅರ್ಧ ಲೀಟರ್ ನೀರು ಕುಡಿಯಬಲ್ಲದು. ಮುಂಬಯಿಯಲ್ಲಿ ಜುಲೈ ತಿಂಗಳೊಂದರಲ್ಲೇ 800 ಮಿಲಿಮೀಟರ್ ಆಸುಪಾಸು ಮಳೆ. ಲೆಕ್ಕ ಹಾಕಿಕೊಳ್ಳಿ.

ಮೂರು ವರ್ಷದಲ್ಲಿ ಮೂವರು ವಾಟರ್‌ಪ್ರೂಫಿಂಗ್ ಪಂಡಿತರು ಬಂದರು. ಮೊದಲನೆಯವನು ಸಿಮೆಂಟ್ ಗಿಲಾವು ಮಾಡಿದ. ಸುಣ್ಣದ ಗಾರೆಯಲ್ಲಿ ಕಟ್ಟಿದ್ದಕ್ಕೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಎಲ್ಲಿಗೆ ಹೋಗಬೇಕು? ಎರಡನೆಯ ಮಳೆಗಾಲಕ್ಕೆ ಗಿಲಾವು ಇಟ್ಟಿಗೆಯ ಮುಖವನ್ನೇ ಕಿತ್ತುಕೊಂಡು ಹಪ್ಪಳದಂತೆ ಉದುರಿತು. ಎರಡನೆಯವನು ಡಾಂಬರು ಬಳಿದ. ಮೂರನೆಯವನದು ಹೊಳೆಯುವ ಬಿಳಿ ಬಣ್ಣ, "ಅಣ್ಣಾ, ಹತ್ತು ವರ್ಷ ಗ್ಯಾರಂಟಿ." ಹತ್ತು ತಿಂಗಳಿಗೆ ಗುಳ್ಳೆ ಎದ್ದಿತು. ಫೋನ್ ಮಾಡಿದರೆ, ಮಳೆಯಲ್ಲಿ ಹೇಗೆ ಕೆಲಸ ಮಾಡುವುದು ಎನ್ನುತ್ತಾನೆ. ಮಳೆ ನಿಂತ ಮೇಲೆ ಫೋನೇ ಎತ್ತುವುದಿಲ್ಲ.

ಒಬ್ಬನಾದರೂ ಏಣಿ ಹತ್ತಿದನೇ? ಕೊನೆಗೆ ಈ ವಯಸ್ಸಿನಲ್ಲಿ ನಾನೇ ಹತ್ತಿದೆ. ಚಿಮಣಿಯ ಬಾಯಿ ಆಕಾಶಕ್ಕೆ ತೆರೆದುಕೊಂಡಿದೆ. ನೆತ್ತಿಯ ಗಾರೆ ಬಿರಿದು ಬೆರಳುದಪ್ಪದ ಅರಳಿ ಸಸಿ ಬೆಳೆದಿದೆ. ಮಂಗಳೂರು ಹೆಂಚಿನ ಮಾಡು ಚಿಮಣಿಗೆ ಕೂಡುವಲ್ಲಿ ಹೊಡೆದ ತಗಡು ತುಕ್ಕು ಹಿಡಿದು ಜರಡಿಯಾಗಿದೆ. ನೀರು ಇಳಿಯುವುದು ಇಲ್ಲಿಂದ, ಇವರು ಬಳಿದದ್ದು ಹೊಟ್ಟೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಬೇಕಾದದ್ದು ಸುತ್ತ ಗಾಳಿಯಾಡುವ ಒಂದು ಮುಚ್ಚಳ, ಇಟ್ಟಿಗೆಯ ಸಂದಿಗೆ ಸಿಕ್ಕಿಸಿದ ಹೊಸ ತಗಡು, ಸಂದುಗಳಿಗೆ ಮತ್ತೆ ಸುಣ್ಣದ ಗಾರೆ. ಸುಣ್ಣ ಎಂದ ಕೂಡಲೇ ಮೇಸ್ತ್ರಿಗಳು ನನ್ನನ್ನು ಮ್ಯೂಸಿಯಮ್ಮಿನಿಂದ ಬಂದವನಂತೆ ನೋಡುತ್ತಾರೆ. ಕಟ್ಟಡದ ಮಾಲೀಕರದು ಇನ್ನೊಂದು ಪುಕ್ಕಟೆ ಸಲಹೆ: ಕೆಡವಿಬಿಡಿ. ಅಡುಗೆಮನೆಯ ಹಿಂದಿನ ಗೋಡೆಯೇ ಅದಕ್ಕೆ ಅಂಟಿಕೊಂಡಿದೆ ಸ್ವಾಮಿ, ಜುಲೈಯಲ್ಲಿ ಕೆಡವಿ ದೋಸೆಯನ್ನು ಎಲ್ಲಿ ಹುಯ್ಯಲಿ?

ಸದ್ಯ ಬಾಯಿಗೆ ತಾಡಪತ್ರಿ ಕಟ್ಟಿದ್ದೇನೆ. ಮಧ್ಯಾಹ್ನ ನಾಲ್ಕನೆಯ ಪಂಡಿತ ಬಂದಿದ್ದ. ಕತ್ತನ್ನೂ ಎತ್ತದೆ, "ಎಷ್ಟು ಚದರಡಿ ಬಳಿಯಬೇಕು ಅಣ್ಣಾ?" ಎಂದ. ಹೋಟೆಲಿನವನಾಗಿಯೂ ಒಂದು ಲೋಟ ಚಹಾ ಕೊಡದೆ ಕಳಿಸಿದೆ.