ಸನ್ಮಾನ ಹುದ್ದೆಗೋ, ಕೆಲಸಕ್ಕೋ?

ಕೃಷಿ ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಯಾರಿಗೆ ಸನ್ಮಾನ ಅಂತ ಆಹ್ವಾನ ಪತ್ರಿಕೆ ನೋಡದೆಯೇ ಹೇಳಬಹುದು. ಒಬ್ಬರು ಕುಲಪತಿ ಆದವರು. ಒಬ್ಬರು ಐಎಎಸ್ ಇಲ್ಲವೇ ಐಪಿಎಸ್. ಅಮೆರಿಕದಲ್ಲಿ ಪ್ರೊಫೆಸರ್ ಆಗಿರುವವರು ಒಬ್ಬರು, ಅವರು ರಜೆಗೆ ಬರುವ ದಿನ ನೋಡಿಕೊಂಡೇ ಸಮಾವೇಶದ ತಾರೀಖು ಗೊತ್ತಾಗುವುದು. ಬೀಜದ ಕಂಪನಿಯ ವೈಸ್ ಪ್ರೆಸಿಡೆಂಟ್ ಒಬ್ಬರು, ಊಟದ ಖರ್ಚು ಬಹುಪಾಲು ಅವರದೇ. ಪೇಟ, ಶಾಲು, ಹಣ್ಣಿನ ಬುಟ್ಟಿ, ಫೋಟೋ. ಮಿಕ್ಕವರು ಚಪ್ಪಾಳೆ ಹೊಡೆದು ಊಟಕ್ಕೆ ಹೋಗುತ್ತೇವೆ.

ಈ ಸಲದ ಪಟ್ಟಿಯ ಬಗ್ಗೆ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಮೊನ್ನೆ ಮಾತು ಬಂತು. ಪಟ್ಟಿಯಲ್ಲಿ ಹೆಸರಿನ ಮುಂದೆ ಹುದ್ದೆ ಇತ್ತು. ಏನು ಮಾಡಿದರು ಅನ್ನುವುದಕ್ಕೆ ಜಾಗವೇ ಇರಲಿಲ್ಲ. 'ಸನ್ಮಾನ ಹುದ್ದೆಗೋ, ಕೆಲಸಕ್ಕೋ?' ಅಂತ ನಾನು ಒಂದು ಸಾಲು ಬರೆದೆ, ಅದಕ್ಕೆ ಮೂರು ಜನ ಕೋಪ ಮಾಡಿಕೊಂಡರು. ಹಾಗಾಗಿ ಇಲ್ಲಿ ಉದ್ದಕ್ಕೇ ಬರೆಯುತ್ತಿದ್ದೇನೆ. ಯಾವ ಕಾಲೇಜು ಅಂತ ಹೇಳುವುದಿಲ್ಲ. ರಾಜ್ಯದ ಯಾವ ಕೃಷಿ ಕಾಲೇಜಿನವರು ಓದಿದರೂ ತಮ್ಮದೇ ಅಂದುಕೊಳ್ಳುತ್ತಾರೆ ಬಿಡಿ.

ಹುದ್ದೆ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಕೃಷಿ ಇಲಾಖೆಯಲ್ಲಿ ಎಒ (ಕೃಷಿ ಅಧಿಕಾರಿ) ಆಗಿ ಸೇರಿ, ಎಡಿ (ಸಹಾಯಕ ನಿರ್ದೇಶಕಿ) ಆಗಿ ರಿಟೈರ್ ಆದವಳು ನಾನು. ಸಂಬಳ ಬಂತು, ಪೆನ್ಷನ್ ಬರುತ್ತಿದೆ. ದೊಡ್ಡ ಹುದ್ದೆಗೆ ಹೋದವರಲ್ಲಿ ನಿಜವಾಗಿ ದೊಡ್ಡ ಕೆಲಸ ಮಾಡಿದವರೂ ಇದ್ದಾರೆ. ಡಾ. ಎಸ್. ಅಯ್ಯಪ್ಪನ್ ಅವರನ್ನೇ ನೋಡಿ. ಚಾಮರಾಜನಗರ ಜಿಲ್ಲೆಯ ಯಳಂದೂರಿನವರು. ಮಂಗಳೂರಿನ ಮೀನುಗಾರಿಕೆ ಕಾಲೇಜು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೊತೆಗಿದ್ದ ಕಾಲದಲ್ಲಿ ಅಲ್ಲಿ ಓದಿದರು. ದೇಶದ ಇಡೀ ಕೃಷಿ ಸಂಶೋಧನೆಯನ್ನು ನೋಡಿಕೊಳ್ಳುವ ಐಸಿಎಆರ್‌ನ ಮಹಾನಿರ್ದೇಶಕರಾದರು. ಬೆಳೆ ವಿಜ್ಞಾನದವರಲ್ಲದ ಒಬ್ಬರು ಆ ಕುರ್ಚಿಗೆ ಬಂದದ್ದು ಅದೇ ಮೊದಲು. 2022ರಲ್ಲಿ ಪದ್ಮಶ್ರೀ ಬಂತು. ಆದರೆ ಆ ಕುರ್ಚಿಗೆ ಬರುವ ಮೊದಲು ಅವರು ಕೆರೆ, ಕೊಳಗಳ ಮೀನು ಸಾಕಣೆಯಲ್ಲಿ ವರ್ಷಗಟ್ಟಲೆ ದುಡಿದ ವಿಜ್ಞಾನಿ. ಕುರ್ಚಿ ಇರದಿದ್ದರೂ ಆ ಕೆಲಸ ಉಳಿಯುತ್ತಿತ್ತು. ನನ್ನ ತಕರಾರು ಕುರ್ಚಿಯನ್ನಷ್ಟೇ ನೋಡುವ ನಮ್ಮ ಅಭ್ಯಾಸದ ಮೇಲೆ.

ನಮ್ಮ ಕ್ಷೇತ್ರದ ಕೆಲಸ ಒಂಥರಾ ವಿಚಿತ್ರ. ಡಾಕ್ಟರು ಆಪರೇಷನ್ ಮಾಡಿದರೆ ರೋಗಿಗೆ ಹೆಸರು ಗೊತ್ತಿರುತ್ತದೆ. ಸೇತುವೆ ಕಟ್ಟಿದರೆ ಅದರ ಮೇಲೆ ಕಲ್ಲು ನೆಡುತ್ತಾರೆ. ಒಂದು ತಳಿ ಮಾಡಿದವರ ಹೆಸರು ಹೊಲದವರೆಗೆ ಬರುವುದೇ ಇಲ್ಲ, ಬರುವುದು ನಂಬರ್. ರಾಗಿಯ ಜಿಪಿಯು-28, ಎಂಆರ್-6, ತೊಗರಿಯ ಟಿಎಸ್-3ಆರ್, ಹತ್ತಿಯ ಡಿಸಿಎಚ್-32. ಮೂಟೆ ಮೇಲೆ ಅಷ್ಟೇ ಬರೆದಿರುವುದು.

ರಾಗಿ ಲಕ್ಷ್ಮಣಯ್ಯ ಇದಕ್ಕೆ ಅಪವಾದ. ಡಾ. ಸಿ.ಎಚ್. ಲಕ್ಷ್ಮಣಯ್ಯ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದವರು. ಅರುಣ, ಉದಯ, ಪೂರ್ಣ, ಶಕ್ತಿ ತಳಿಗಳು, ಆಮೇಲೆ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಮಾಡಿದ ಇಂಡಾಫ್ ತಳಿಗಳು. ಹಳೇ ಮೈಸೂರು ಕಡೆ ಮುದ್ದೆ ತಿಂದು ಬೆಳೆದ ನನ್ನ ವಯಸ್ಸಿನವರ ಹೊಟ್ಟೆಗೆ ಇಂಡಾಫ್ ರಾಗಿ ಹೋಗಿಯೇ ಇರುತ್ತದೆ.

ಈಗಿನ ಹುಡುಗರಿಗೆ ರಾಗಿಯಲ್ಲಿ ತಳಿ ಕೂಡಿಸುವುದು ಎಷ್ಟು ಕಷ್ಟದ ಕೆಲಸ ಅಂತ ಗೊತ್ತಿರಲಿಕ್ಕಿಲ್ಲ, ಸ್ವಲ್ಪ ಹೇಳುತ್ತೇನೆ. ರಾಗಿ ಹೂ ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಕು ಹರಿಯುವುದರೊಳಗೆ. ಹೂ ಅಂದರೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು. ಒಂದೇ ಹೂವಿನಲ್ಲಿ ಗಂಡೂ ಹೆಣ್ಣೂ ಇರುತ್ತವೆ, ಹೊರಗಿನ ಪರಾಗ ಬೀಳುವ ಮೊದಲೇ ಅಲ್ಲೇ ಕಾಳು ಕಟ್ಟಿಬಿಡುತ್ತದೆ. ಹತ್ತಿ ಹೂವಿನ ಹಾಗೆ ಕೈಯಲ್ಲಿ ಕೇಸರ ತೆಗೆಯುವುದು ಇಲ್ಲಿ ತೀರಾ ಕಷ್ಟ. ಅದಕ್ಕೇ ಎರಡು ತಳಿಯ ತೆನೆಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟಿ ಬಿಡುವ ಪದ್ಧತಿ ಬಂತು. ಅದೃಷ್ಟವಿದ್ದರೆ ಆ ತೆನೆಯ ಅಷ್ಟೂ ಕಾಳಿನಲ್ಲಿ ಕೆಲವು ಕೂಡಿಕೆಯಾಗಿರುತ್ತವೆ. ಯಾವುವು ಅಂತ ಪತ್ತೆ ಹಚ್ಚುವುದು ಹೇಗೆ? ಗಂಡು ಕಡೆಗೆ ನೇರಳೆ ಬಣ್ಣದ ಗಿಡ ಇಟ್ಟುಕೊಂಡಿರಬೇಕು. ಮುಂದಿನ ಹಂಗಾಮಿನಲ್ಲಿ ಎಲ್ಲ ಕಾಳು ಬಿತ್ತಿ, ಹಸಿರು ಸಸಿಗಳ ನಡುವೆ ನೇರಳೆ ಛಾಯೆಯ ಸಸಿ ಎಲ್ಲಿದೆ ಅಂತ ಬಗ್ಗಿ ಹುಡುಕಬೇಕು. ಸಿಕ್ಕಿತು ಅನ್ನಿ. ಅಲ್ಲಿಂದ ಆರೇಳು ತಲೆಮಾರು ಆಯ್ಕೆ. ಆಮೇಲೆ ಫಾರಂನಲ್ಲಿ ಪ್ರಯೋಗ, ಬೇರೆ ಬೇರೆ ಊರಲ್ಲಿ ಪ್ರಯೋಗ, ರೈತರ ಹೊಲದಲ್ಲಿ ಪ್ರಯೋಗ. ಎಲ್ಲ ದಾಟಿ ಬಿಡುಗಡೆ ಆಗುವಷ್ಟರಲ್ಲಿ ಹತ್ತು ವರ್ಷ ಸುಮ್ನೆ ಹೋಗಿರುತ್ತದೆ. ಅಷ್ಟರಲ್ಲಿ ತೆನೆ ಕಟ್ಟಿದವರು ವರ್ಗವಾಗಿ, ಆಯ್ಕೆ ಮಾಡಿದವರು ರಿಟೈರ್ ಆಗಿ, ಬಿಡುಗಡೆಯ ಫೋಟೋದಲ್ಲಿ ಮತ್ಯಾರೋ ನಿಂತಿರುತ್ತಾರೆ. ಬೆಳಗಿನ ಜಾವ ಟಾರ್ಚ್ ಹಿಡಿದು ಜೊತೆಗೆ ಹೋಗುತ್ತಿದ್ದ ಫಾರಂ ಕೂಲಿಯವರ ಹೆಸರಂತೂ ಕಡತದಲ್ಲೂ ಇರುವುದಿಲ್ಲ.

ಇಂಡಾಫ್‌ಗೆ ಬೆಂಕಿ ರೋಗದ ಕಾಟ ಇತ್ತು. ಕುತ್ತಿಗೆಗೆ ರೋಗ ಬಿದ್ದರೆ ತೆನೆ ಜೊಳ್ಳು. ಆ ರೋಗ ತಡೆದುಕೊಳ್ಳುವ ಜಿಪಿಯು-28 ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಿಂದ 1990ರ ದಶಕದಲ್ಲಿ ಬಂತು, ಬಂದು ಹೊಲವನ್ನೆಲ್ಲ ಆವರಿಸಿತು. ಅದರ ವಂಶ ತೆಗೆದು ನೋಡಿದರೆ ಇಂಡಾಫ್-5 ಮತ್ತು ಇಂಡಾಫ್-9 ಎರಡೂ ಅದರಲ್ಲಿವೆ. ರೋಗ ತಡೆಯುವ ಗುಣ ಬೇರೊಂದು ತಳಿಯದು. ಅಂದರೆ ಒಬ್ಬರ ಕೆಲಸದ ಮೇಲೆ ಇನ್ನೊಬ್ಬರದು, ಅದರ ಮೇಲೆ ಮತ್ತೊಬ್ಬರದು. ಇದರಲ್ಲಿ ಒಬ್ಬರನ್ನು ಕರೆದು ಶಾಲು ಹೊದಿಸಿದರೆ ಉಳಿದವರಿಗೆ ಏನು ಹೇಳುತ್ತೀರಿ? ಸಮಿತಿಯವರಿಗೆ ಕುಲಪತಿಗಳನ್ನು ಹುಡುಕುವುದು ಯಾಕೆ ಸುಲಭ ಅಂತ ನನಗೆ ಅರ್ಥವಾಗುತ್ತದೆ. ಕುಲಪತಿ ಒಬ್ಬರೇ ಇರುತ್ತಾರಲ್ವಾ.

ಧಾರವಾಡ ಕೃಷಿ ಕಾಲೇಜಿನವರು ನಮ್ಮದೇಕೆ ಬಿಟ್ಟಿರಿ ಅಂತ ಜಗಳಕ್ಕೆ ಬರುವ ಮೊದಲು ಅದನ್ನೂ ಹೇಳುತ್ತೇನೆ. 1972ರಲ್ಲಿ ಡಾ. ಬಿ.ಎಚ್. ಕಾತರಕಿ ಅಲ್ಲಿ ವರಲಕ್ಷ್ಮಿ ಹತ್ತಿ ಕೊಟ್ಟರು. ಎರಡು ಬೇರೆ ಜಾತಿಯ ಹತ್ತಿ ಕೂಡಿಸಿ ಮಾಡಿದ ಹೈಬ್ರಿಡ್ ಮಾರುಕಟ್ಟೆಗೆ ಬಂದದ್ದು ಜಗತ್ತಿನಲ್ಲೇ ಅದು ಮೊದಲು. ಆಮೇಲೆ ಡಿಸಿಎಚ್-32 ಬಂತು, ಉದ್ದ ಎಳೆಯ ಹತ್ತಿ. ಇದರಿಂದ ಇನ್ನೊಂದು ಕೆಲಸವೂ ಹುಟ್ಟಿತು. ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಮಾಡಬೇಕು. ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು, ಮರುದಿನ ಬೆಳಗ್ಗೆ ಗಂಡು ಹೂ ತಂದು ಮುಟ್ಟಿಸಬೇಕು. ರಾಣೆಬೆನ್ನೂರು ಕಡೆ ಇದಕ್ಕೆ ಕ್ರಾಸಿಂಗ್ ಅಂತಲೇ ಹೆಸರು, ಬಹುತೇಕ ಹೆಣ್ಣುಮಕ್ಕಳದೇ ಕೆಲಸ. ನಮ್ಮ ಬ್ಯಾಚಿನ ಒಬ್ಬ ಇಡೀ ವೃತ್ತಿ ಬದುಕನ್ನು ಆ ಕಡೆಯ ಬೀಜೋತ್ಪಾದನೆ ಪ್ಲಾಟುಗಳಲ್ಲೇ ಕಳೆದ. ಬೀಜದಲ್ಲಿ ಕಲಬೆರಕೆ ಕಂಡರೆ ಪ್ಲಾಟನ್ನೇ ತಿರಸ್ಕರಿಸುತ್ತಿದ್ದ, ಕಂಪನಿ ಮಾಲೀಕನ ಹತ್ತಿರವೂ ಬೈಸಿಕೊಳ್ಳುತ್ತಿದ್ದ, ರೈತನ ಹತ್ತಿರವೂ ಬೈಸಿಕೊಳ್ಳುತ್ತಿದ್ದ. ಸಮಾವೇಶಕ್ಕೆ ಬಂದರೆ ಹಿಂದಿನ ಸಾಲಿನ ಕುರ್ಚಿ ನೋಡಿಕೊಂಡು ಕೂರುತ್ತಾನೆ.

ಒಳ್ಳೆ ಕೆಲಸಕ್ಕೆ ಬೈಗುಳವೂ ಬರುತ್ತದೆ ಅನ್ನುವುದಕ್ಕೆ ಅವರೆಕಾಯಿ ಸಾಕ್ಷಿ. ಮೊದಲು ಅವರೆ ಅಂದರೆ ಚಳಿಗಾಲ. ಹಗಲು ಕಿರಿದಾದರೆ ಮಾತ್ರ ಹೂ ಬಿಡುವ ಗಿಡ ಅದು. ಹೆಬ್ಬಾಳದ ಎಚ್‌ಎ-3, ಎಚ್‌ಎ-4 ತಳಿಗಳಿಗೆ ಆ ಹಂಗಿಲ್ಲ, ಯಾವಾಗ ಬಿತ್ತಿದರೂ ಕಾಯಿ ಬಿಡುತ್ತವೆ. ರೈತನಿಗೆ ವರ್ಷವಿಡೀ ಕಾಸು. ಆದರೆ ನಮ್ಮ ಮನೆಯಲ್ಲಿ ಎಲ್ಲರದೂ ಒಂದೇ ದೂರು: 'ಸೊಗಡೇ ಇಲ್ಲ.' ನಿಜ, ಮಾಗಿ ಕಾಲದ ನಾಟಿ ಅವರೆಯ ಸೊಗಡು ಇದಕ್ಕಿಲ್ಲ. ಆದರೂ ಬೇಸಿಗೆಯಲ್ಲಿ ಅದೇ ಕಾಯಿ ಕೊಂಡು, ಅದನ್ನೇ ಹಿಚುಕಿ, ಅದನ್ನೇ ಬೈದುಕೊಂಡು ಸಾರು ಮಾಡಿ ತಿನ್ನುತ್ತೇವೆ. ಆ ತಳಿ ಮಾಡಿದವರಿಗೆ ಇದಕ್ಕಿಂತ ದೊಡ್ಡ ಮನ್ನಣೆ ಬೇಕಾ ಅಂತ ಒಮ್ಮೊಮ್ಮೆ ಅನಿಸುತ್ತದೆ. ಬೇಕು ಬಿಡಿ.

ಸಂಶೋಧನೆಯವರಿಗೆ ಪೇಪರಿನಲ್ಲಾದರೂ ಹೆಸರು ಉಳಿಯುತ್ತದೆ. ಇಲಾಖೆಯವರಿಗೆ ಅದೂ ಇಲ್ಲ. ಬೆಳೆ ಕಟಾವು ಪ್ರಯೋಗ ಅಂತ ಒಂದಿದೆ, ನಗರದವರಿಗೆ ಗೊತ್ತಿರುವುದಿಲ್ಲ. ಫಸಲ್ ಬಿಮೆಯಲ್ಲಿ, ಅಂದರೆ ಬೆಳೆ ವಿಮೆಯಲ್ಲಿ, ರೈತನಿಗೆ ಪರಿಹಾರ ಬರುವುದು ಹೆಚ್ಚಾಗಿ ಅವನ ಹೊಲ ನೋಡಿ ಅಲ್ಲ. ಪಂಚಾಯಿತಿಯಲ್ಲಿ ಆರಿಸಿದ ಕೆಲವು ಹೊಲಗಳಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಅಳೆದು, ಅಷ್ಟನ್ನು ಕೊಯ್ದು, ಬಡಿದು, ತೂಗುತ್ತಾರೆ. ಆ ಸರಾಸರಿ ಮೇಲೆ ಇಡೀ ಪಂಚಾಯಿತಿಯ ಲೆಕ್ಕ ನಿಲ್ಲುತ್ತದೆ. ಹಗ್ಗ ಹಿಡಿದು ನಿಂತ ದಿನ ಒಂದು ಕಡೆ ಊರವರು, 'ಮೇಡಂ, ಸ್ವಲ್ಪ ಕಮ್ಮಿ ಬರೀರಿ, ಹೋದ ವರ್ಷವೂ ಏನೂ ಬಂದಿಲ್ಲ' ಅನ್ನುತ್ತಾರೆ. ಇನ್ನೊಂದು ಕಡೆ ಬಿಮೆ ಕಂಪನಿಯ ಹುಡುಗ, ಚೌಕ ಚೆನ್ನಾಗಿ ಬೆಳೆದ ಕಡೆ ಬೀಳಲಿ ಅಂತ ಕಾಯುತ್ತಿರುತ್ತಾನೆ. ನಡುವೆ ನಿಂತು ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ನನ್ನ ಕೈಕೆಳಗೆ ಕೆಲಸ ಮಾಡಿದ ಒಬ್ಬ ಸಹಾಯಕ ಕೃಷಿ ಅಧಿಕಾರಿ ಸರ್ವಿಸ್ ಪೂರ್ತಿ ಹಾಗೇ ಬರೆದರು. ಯಾರ ಮೆಚ್ಚುಗೆಯೂ ಸಿಗಲಿಲ್ಲ, ಎರಡು ಕಡೆಯವರ ದೂರಿನ ಅರ್ಜಿಗಳು ಸಿಕ್ಕವು.

ಇದರ ಜೊತೆಗೆ ಮುಂಗಾರು ಶುರುವಾದರೆ ರೈತ ಸಂಪರ್ಕ ಕೇಂದ್ರದ ಮುಂದೆ ಬಿತ್ತನೆ ಬೀಜಕ್ಕೆ ಸಾಲು. ಖಾಲಿ ಹುದ್ದೆ ಜಾಸ್ತಿ, ಒಬ್ಬರಿಗೆ ಎರಡು ಹೋಬಳಿ. ಆಧಾರ್, ಇ-ಕೆವೈಸಿ, ಬೆಳೆ ಸಮೀಕ್ಷೆ ಆ್ಯಪ್. ಓದಿದ್ದು ಮಣ್ಣು, ಬೆಳೆ, ಕೀಟ. ಮಾಡುವುದು ಓಟಿಪಿ ಕೇಳುವ ಕೆಲಸ. ಇರಲಿ, ಅದು ಬೇರೆ ಪೋಸ್ಟು.

ಕೀಟ ಅಂದಾಗ ನೆನಪಾಯಿತು. 2018ರಲ್ಲಿ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ಕೀಟ ವಿಜ್ಞಾನಿಗಳು ಅಲ್ಲಿನ ಮೆಕ್ಕೆಜೋಳದ ಹೊಲದಲ್ಲಿ ಒಂದು ಹುಳು ಕಂಡರು. ತಲೆ ಮೇಲೆ ತಲೆಕೆಳಗಾದ ವೈ ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ. ಅಮೆರಿಕದಿಂದ ಆಫ್ರಿಕಾಕ್ಕೆ ಹೋಗಿ ಅಲ್ಲಿ ಹಾವಳಿ ಎಬ್ಬಿಸಿದ್ದ ಫಾಲ್ ಸೈನಿಕ ಹುಳು. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು ಅವರೇ. ಎಷ್ಟು ಜನ ಅದೇ ಹುಳುವನ್ನು ನೋಡಿ 'ಮಾಮೂಲಿ ಕಾಂಡಕೊರಕ' ಅಂತ ಹೊಲದಿಂದ ಹೊರಟುಹೋಗಿರಬಹುದು! ಬಗ್ಗಿ ಸುಳಿ ಬಿಡಿಸಿ ನೋಡುವ ಅಭ್ಯಾಸವನ್ನು ಕಾಲೇಜು ಕಲಿಸಿತ್ತು, ಅವರು ಅದನ್ನು ಬಿಟ್ಟಿರಲಿಲ್ಲ.

ಗೊಬ್ಬರದ ಅಂಗಡಿ ಇಟ್ಟವರನ್ನು ನಮ್ಮ ಗ್ರೂಪಿನಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಇದು ತಪ್ಪು. ರೈತ ಸಲಹೆ ಕೇಳುವುದು ಹೆಚ್ಚಾಗಿ ಅಲ್ಲೇ. ಎಲೆ ಕಿತ್ತು ತಂದು ಕೌಂಟರ್ ಮೇಲೆ ಇಟ್ಟು 'ಒಳ್ಳೆ ಔಷಧಿ ಕೊಡಿ' ಅನ್ನುತ್ತಾನೆ. 'ಇದಕ್ಕೆ ಔಷಧಿ ಬೇಡ, ಯೂರಿಯಾ ಕಮ್ಮಿ ಮಾಡು, ಸರಿಹೋಗುತ್ತೆ' ಅಂತ ಹೇಳಿ ಬಂದ ಗಿರಾಕಿಯನ್ನು ಬರಿಗೈಲಿ ಕಳಿಸುವ ಅಂಗಡಿಯವನು ಕೃಷಿ ಪದವೀಧರ ಆಗಿದ್ದರೆ, ಅವನ ಓದಿಗೆ ತೆರಿಗೆದಾರರು ಹಾಕಿದ ದುಡ್ಡು ಅವತ್ತೇ ವಸೂಲಾಯಿತು. ಅಂಥವರು ಕಮ್ಮಿ, ಒಪ್ಪುತ್ತೇನೆ. ಕಮ್ಮಿ ಇರುವುದಕ್ಕೇ ಅಲ್ವಾ ಕರೆದು ಗೌರವಿಸಬೇಕಾದ್ದು?

ಅಗ್ರಿ ಓದಿ ಪೊಲೀಸ್ ಆದವರು, ಬ್ಯಾಂಕಿಗೆ ಹೋದವರು, ಕೆಎಎಸ್ ಮಾಡಿದವರು ಸೀಟು ಹಾಳು ಮಾಡಿದರು ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬೆಳೆ ಗೊತ್ತಿರುವ ಮ್ಯಾನೇಜರ್ ಬೆಳೆ ಸಾಲದ ಅರ್ಜಿಯನ್ನು ಬೇರೆ ಥರ ಓದುತ್ತಾನೆ. ಆದರೆ ಕೃಷಿ ಕಾಲೇಜಿನ ವೇದಿಕೆ ಮೇಲೆ ಅವರನ್ನು ಕೂರಿಸಿದಾಗ ಆ ಓದಿನಿಂದ ರೈತನಿಗೆ ಏನಾಯಿತು ಅಂತ ಒಂದು ಮಾತಾದರೂ ಬರಬೇಕು. ಬರೀ 'ನಮ್ಮ ಹೆಮ್ಮೆ' ಅಂದರೆ ಏನು ಅರ್ಥ?

ಹೆಣ್ಣುಮಕ್ಕಳ ವಿಷಯ ಬೇರೆಯೇ ಇದೆ. ಈಗ ಯಾವ ಕೃಷಿ ವಿಶ್ವವಿದ್ಯಾಲಯದ ಘಟಿಕೋತ್ಸವದ ಫೋಟೋ ನೋಡಿ, ಚಿನ್ನದ ಪದಕ ಹಾಕಿಕೊಂಡವರಲ್ಲಿ ಹುಡುಗಿಯರದೇ ಮೇಲುಗೈ. ಬೆಳ್ಳಿ ಹಬ್ಬದ ಸನ್ಮಾನದ ಫೋಟೋ ನೋಡಿ, ಅವರು ಎಲ್ಲಿ ಹೋದರು? ನಮ್ಮ ಕಾಲದಲ್ಲಿ ಹುಡುಗಿಯರೇ ಕಡಿಮೆ ಇದ್ದರು ಅನ್ನುವುದು ಅರ್ಧ ಉತ್ತರ. ನನ್ನ ಗೆಳತಿಯೊಬ್ಬಳು ಪದಕ ತೆಗೆದುಕೊಂಡವಳು, ಮದುವೆಯಾಗಿ ಹಾಸನದ ಕಡೆ ಹೋಗಿ ಗಂಡನ ಮನೆಯ ಕಾಫಿ ತೋಟ ನೋಡಿಕೊಂಡಳು. ಸುತ್ತಲಿನ ಬೆಳೆಗಾರರು ಮಣ್ಣು ಪರೀಕ್ಷೆಯ ಚೀಟಿ ತಂದು ಅವಳಿಂದಲೇ ಓದಿಸಿಕೊಳ್ಳುತ್ತಾರೆ. ಸಮಾವೇಶದ ನೋಂದಣಿ ಫಾರಂನಲ್ಲಿ ಹುದ್ದೆ ಅನ್ನುವ ಕಡೆ ಅವಳು 'ಗೃಹಿಣಿ' ಅಂತ ಬರೆದಿದ್ದಳು. ನಾನು ಹೊಡೆದುಹಾಕಿ 'ಬೆಳೆಗಾರರು' ಅಂತ ತಿದ್ದಿದೆ. ನಕ್ಕಳು, ಬೇಡ ಅನ್ನಲಿಲ್ಲ.

ಸಮಿತಿಯವರಿಗೆ ನಾನು ಬರೆದು ಕಳಿಸಿದ್ದು ಇಷ್ಟು. ಪಟ್ಟಿಯಲ್ಲಿ ಹುದ್ದೆಯ ಅಂಕಣ ತೆಗೆಯಿರಿ. ಅದರ ಬದಲು ಯಾವ ಬೆಳೆ, ಯಾವ ಹೋಬಳಿ, ಏನು ಮಾಡಿದರು ಅಂತ ಮೂರು ಸಾಲು ಬರೆಸಿ. ಒಂದು ಸನ್ಮಾನವನ್ನಾದರೂ ಒಬ್ಬರಿಗೆ ಕೊಡದೆ ಒಂದು ತಳಿಗೆ ಕೊಡಿ, ಅದಕ್ಕೆ ದುಡಿದವರನ್ನೆಲ್ಲ ಕರೆಯಿರಿ, ಫಾರಂ ಕೂಲಿಯವರನ್ನೂ ಸೇರಿಸಿ. ಒಂದು ಹೆಸರನ್ನು ರೈತರಿಂದಲೇ ಕೇಳಿ ಪಡೆಯಿರಿ. ಕುಲಪತಿಗಳೂ ಬರಲಿ, ಐಎಎಸ್‌ನವರೂ ಬರಲಿ, ಸಾಲಿನಲ್ಲಿ ಎಲ್ಲರ ಜೊತೆ.

ಉತ್ತರ ಬಂದಿದೆ: 'ಸಲಹೆ ಚೆನ್ನಾಗಿದೆ, ಬೈಲಾ ನೋಡಿ ತೀರ್ಮಾನಿಸುತ್ತೇವೆ.' ಬೈಲಾ ನಾನು ಓದಿದ್ದೇನೆ. ಸನ್ಮಾನಕ್ಕೆ ದೊಡ್ಡ ಹುದ್ದೆಯಲ್ಲಿರಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ಬ್ಯಾಚಿನವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಕಡೆಯಿಂದಲೂ ಒಂದೊಂದು ಹೆಸರು ಕಳಿಸಿ, ಮೂರು ಸಾಲಿನ ಸಮೇತ.