ಸೆರ್ವೆರಿ ದೆ ಜಿರೋನಾ: ಆಸ್ಥಾನದ ಅನ್ನ ಉಂಡವನ ಕಸುಬು

ಟ್ರೂಬಡೋರ್ (ಮಧ್ಯಯುಗದ ಯುರೋಪಿನ ಹಾಡುಕವಿ) ಅಂದ ಕೂಡಲೇ ತಂತಿವಾದ್ಯ ಹಿಡಿದು ಊರೂರು ಅಲೆಯುವ ಪ್ರೇಮಿಯ ಚಿತ್ರವೇ ಕಣ್ಣಿಗೆ ಬರುತ್ತದೆ. 13ನೇ ಶತಮಾನದ ಕ್ಯಾಟಲನ್ ಕವಿ ಸೆರ್ವೆರಿ ದೆ ಜಿರೋನಾ ಆ ಚಿತ್ರಕ್ಕೆ ಒಗ್ಗುವುದಿಲ್ಲ. ಸುಮಾರು 1259ರಿಂದ 1285ರವರೆಗೆ ಈಗಿನ ಸ್ಪೇನಿನಲ್ಲಿದ್ದ ಅರಗಾನ್ ರಾಜ್ಯದ ಆಸ್ಥಾನದಲ್ಲಿ, ಮೊದಲು ಒಂದನೇ ಜೌಮೆಯ ಆಳ್ವಿಕೆಯಲ್ಲಿ, ಆಮೇಲೆ ಅವನ ಮಗ ಪೆರೆಯ ಆಳ್ವಿಕೆಯಲ್ಲಿ ಹಾಡು ಕಟ್ಟಿದವನು. ಉಳಿದಿರುವ ರಚನೆಗಳು 119. ಬೇರೆ ಯಾವ ಟ್ರೂಬಡೋರ್‌ನವೂ ಇಷ್ಟು ಉಳಿದಿಲ್ಲ. ಆದರೂ ಇಂಥವರನ್ನು ‘ಹೊಗಳುಭಟ್ಟ’ ಎಂದು ಬದಿಗೆ ಸರಿಸುವವರಿದ್ದಾರೆ. ಇದು ಶುದ್ಧ ಅನ್ಯಾಯ. ಅವನ ಕಸುಬು ಎಷ್ಟು ಬಿಗಿಯಾದದ್ದೆಂದು ನೋಡಿದರೆ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಮೊದಲನೆಯದು ಭಾಷೆ. ಮನೆಮಾತು ಕ್ಯಾಟಲನ್, ಹಾಡು ಕಟ್ಟುವುದು ದಕ್ಷಿಣ ಫ್ರಾನ್ಸಿನ ಆಕ್ಸಿತಾನ್‌ನಲ್ಲಿ. ಹತ್ತಿರದ ಭಾಷೆಗಳಾದ್ದರಿಂದಲೇ ಎಡವುವುದು ಸುಲಭ. ಮನೆಯ ರೂಪ ನುಸುಳಿತೋ, ಪ್ರಾಸ ಕೆಟ್ಟಿತು. ಅದಕ್ಕೇ ಕ್ಯಾಟಲನ್ ಸೀಮೆಯವನೇ ಆದ ರಾಮೋನ್ ವಿದಾಲ್ ಈ ಹಾಡುಗಬ್ಬಕ್ಕೆಂದೇ ವ್ಯಾಕರಣ ಬರೆದಿಟ್ಟಿದ್ದ.

ಇನ್ನು ಪ್ರಾಸದ ಲೆಕ್ಕ. ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರಕ್ಕೆ. ಅಲ್ಲಿ ಸಾಲಿನ ಕೊನೆಗೆ. ಎಂಟು ಸಾಲಿನ ಏಳು ಪದ್ಯ, ಪ್ರತಿ ಪದ್ಯದಲ್ಲಿ ನಾಲ್ಕು ಪ್ರಾಸ ಎರಡೆರಡು ಸಲ ಅಂತಿಟ್ಟುಕೊಳ್ಳಿ. ಎಲ್ಲ ಪದ್ಯಗಳಿಗೂ ಅದೇ ಪ್ರಾಸಗಳನ್ನು ನಡೆಸಬೇಕಾದರೆ ಒಂದೊಂದಕ್ಕೂ 14 ಪದ ಬೇಕು. ಒಂದೇ ಪದ ಒಂದೇ ಅರ್ಥದಲ್ಲಿ ಮರಳಿ ಬಂದರೆ ಅದು ದೋಷ. ‘-ಆರ್’ನಂಥ ಕ್ರಿಯಾಪದದ ಕೊನೆ ಹಿಡಿದರೆ ಪದಗಳಿಗೆ ಬರವಿಲ್ಲ, ಆದರೆ ಆಸ್ಥಾನದಲ್ಲಿ ಕಿವಿ ಪಳಗಿದವರು ತಲೆದೂಗುವುದೂ ಇಲ್ಲ. ಅಪರೂಪದ ಕೊನೆ ಹಿಡಿದರೆ ಐದನೇ ಪದ್ಯದ ಹೊತ್ತಿಗೆ ಪದ ಮುಗಿದು ಅರ್ಥವನ್ನು ತಿರುಚಬೇಕಾಗುತ್ತದೆ.

ಇನ್ನೊಂದು ಫಜೀತಿ ಇದೆ. ಹಾಡು ಕವಿಯ ಬಾಯಲ್ಲೇ ಉಳಿಯುವುದಿಲ್ಲ, ಜೋಗ್ಲಾರ್ ಎಂಬ ವೃತ್ತಿಗಾಯಕ ಅದನ್ನು ಹೊತ್ತೊಯ್ಯುತ್ತಾನೆ. ಎಲ್ಲ ಪದ್ಯಕ್ಕೂ ಒಂದೇ ಪ್ರಾಸ, ಒಂದೇ ಧಾಟಿ ಇದ್ದರೆ ಅವನು ಮೂರನೆಯದನ್ನು ಐದನೆಯದರ ಜಾಗಕ್ಕೆ ಹಾಕಿದರೂ ಯಾರಿಗೂ ಗೊತ್ತಾಗದು. ಒಂದೇ ಹಾಡಿನ ಪದ್ಯಗಳು ಬೇರೆ ಬೇರೆ ಹಸ್ತಪ್ರತಿಗಳಲ್ಲಿ ಬೇರೆ ಬೇರೆ ಕ್ರಮದಲ್ಲಿ ಸಿಗುವುದಕ್ಕೆ ಇದೂ ಒಂದು ಕಾರಣ. ಕ್ರಮ ತಪ್ಪದಂತೆ ಬೀಗ ಹಾಕುವ ಉಪಾಯವೂ ಇತ್ತು: ಒಂದು ಪದ್ಯದ ಕೊನೆಯ ಪದವನ್ನು ಮುಂದಿನ ಪದ್ಯದ ಮೊದಲ ಸಾಲಿನಲ್ಲಿ ಮತ್ತೆ ತರುವುದು. ಕೊನೆಗೆ ‘ತೊರ್ನಾದಾ’ ಎಂಬ ಚಿಕ್ಕ ಪದ್ಯ. ಸೆರ್ವೆರಿ ಅದರಲ್ಲಿ ರಾಜಕುಮಾರ ಪೆರೆಯನ್ನೋ ‘ಮುಳ್ಳುಗಿಡಗಳ ಒಡತಿ’ಯನ್ನೋ ಕರೆಯುತ್ತಾನೆ, ಮುಳ್ಳುಗಿಡ ಕಾರ್ದೋನಾ ಮನೆತನದ ಲಾಂಛನ.

ರಾಜಕೀಯದ ಹಾಡು ‘ಸಿರ್ವೆಂತೆಸ್’ಗೆ ಹೊಸ ಧಾಟಿ ಕಟ್ಟಲೇಬೇಕೆಂದಿರಲಿಲ್ಲ. ಹೆಸರಾದ ಪ್ರೇಮಗೀತೆಯೊಂದರ ಧಾಟಿ, ಪ್ರಾಸ ಎತ್ತಿಕೊಂಡರೆ ಗಾಯಕನಿಗೆ ಹೊಸದಾಗಿ ಕಲಿಯುವುದು ಪದಗಳನ್ನು ಮಾತ್ರ, ಸುದ್ದಿ ಬೇಗ ಹಬ್ಬುತ್ತದೆ. ಆದರೆ ಮೂಲದಲ್ಲಿ ಎಂಟು ಅಕ್ಷರವಿದ್ದ ಕಡೆ ಒಂಬತ್ತು ಬಂದರೆ ಒತ್ತು ತಪ್ಪು ಸ್ವರದ ಮೇಲೆ ಬೀಳುತ್ತದೆ.

ಇಷ್ಟೆಲ್ಲ ಕಟ್ಟುಪಾಡಿನ ನಡುವೆ ಅವನು ಆರು ಭಾಷೆ ಬೆರೆಸಿ ಒಂದು ಪದ್ಯ ಕಟ್ಟಿದ, 1276ರಲ್ಲಿ ಜೌಮೆ ತೀರಿಕೊಂಡಾಗ ಶೋಕಗೀತೆ ಬರೆದ, ಮಕ್ಕಳಿಗೆಂದು ಸಾವಿರಕ್ಕೂ ಹೆಚ್ಚು ನೀತಿಪದ್ಯ ಬರೆದ. ಇವನ ಹೆಚ್ಚಿನ ಹಾಡುಗಳು ಬಾರ್ಸಿಲೋನಾದ ಕ್ಯಾಟಲೋನಿಯಾ ಗ್ರಂಥಾಲಯದ 146ನೇ ಹಸ್ತಪ್ರತಿಯಲ್ಲಿವೆ.

ಓದಲು ಹೊರಡುವವರು ಪ್ರೇಮಗೀತೆಗಳಿಂದ ಶುರು ಮಾಡಬೇಡಿ. ‘ವಿಯಾದೇಯ್ರಾ’ ಹಿಡಿಯಿರಿ: ಸುಳ್ಳುಬುರುಕ ಗಂಡನನ್ನು ಕಟ್ಟಿಕೊಳ್ಳಬೇಡ ಎಂದು ಜಾನಾ ಎಂಬ ಹುಡುಗಿಗೆ ಹೇಳುವ ಹಾಡು. ಸಾಲು ಚಿಕ್ಕದು, ಪಲ್ಲವಿ ಮತ್ತೆ ಮತ್ತೆ ಬರುತ್ತದೆ, ಆಕ್ಸಿತಾನ್ ಬಾರದಿದ್ದರೂ ಜೋರಾಗಿ ಓದಿಕೊಳ್ಳಬಹುದು.